ಪಟ್ಟವೂ ಪಾತ್ರತೆಯೂ

೧

ಕಾಳಿದಾಸ ಮಹಾಕವಿಯು ರಘುವಂಶದ ಕೊನೆಯ ಎರಡು ಸರ್ಗಗಳಲ್ಲಿ ಇಬ್ಬರು ಅರಸರ ವೃತ್ತಾಂತವನ್ನು ಒಂದರ ಬಳಿಕ ಒಂದಾಗಿ ಇಟ್ಟು ತೋರಿಸಿರುವನು. ಮೊದಲನೆಯವನು ಸುದರ್ಶನ. ತಂದೆಯಾದ ಧ್ರುವಸಂಧಿಯು ಬೇಟೆಯಲ್ಲಿ ಸಿಂಹಕ್ಕೆ ತುತ್ತಾದಾಗ ಈ ಬಾಲಕನಿಗೆ ಆರೇ ವರುಷ. ಸಿಂಹಾಸನದ ಮೇಲೆ ಕುಳಿತರೆ ಅವನ ಕಾಲು ಪಾದಪೀಠವನ್ನು ಮುಟ್ಟುತ್ತಿರಲಿಲ್ಲ. ಆದರೂ ಮಂತ್ರಿಗಳು ಅವನಿಗೇ ಪಟ್ಟ ಕಟ್ಟಿ, ವಿದ್ಯೆ ಕಲಿಸಿ, ಹಿರಿಯರ ಸಹವಾಸದಲ್ಲಿ ಬೆಳೆಯಿಸಿದರು. ಅವನು ರಾಜ್ಯವನ್ನು ಚೆನ್ನಾಗಿ ಆಳಿ, ವಯಸ್ಸಾದ ಮೇಲೆ ಮಗನಿಗೆ ಒಪ್ಪಿಸಿ ಕಾಡಿಗೆ ತೆರಳಿದನು. ಆ ಮಗನೇ ಅಗ್ನಿವರ್ಣ. ಇವನಿಗೆ ಸುಸಜ್ಜಿತವಾದ ರಾಜ್ಯವೂ ಶತ್ರುಗಳಿಲ್ಲದ ಗಡಿಗಳೂ ಒದಗಿದುವು. ಕೆಲವು ವರುಷ ಮಾತ್ರ ತಾನೇ ನೋಡಿಕೊಂಡು, ಬಳಿಕ ಭಾರವನ್ನೆಲ್ಲ ಮಂತ್ರಿಗಳ ಮೇಲೆ ಹೊರಿಸಿ ಅಂತಃಪುರವನ್ನು ಸೇರಿಕೊಂಡನು. ದರ್ಶನಕ್ಕಾಗಿ ಕಾದುನಿಂತ ಪ್ರಜೆಗಳಿಗೆ ಗವಾಕ್ಷದಿಂದ ಕಾಲನ್ನು ಮಾತ್ರ ಹೊರಚಾಚಿ ತೋರಿಸುತ್ತಿದ್ದನು. ಹೀಗೆ ಪೀಠಕ್ಕೆ ಎಟುಕದ ಕಾಲು ರಾಜ್ಯವನ್ನು ಉಳಿಸಿತು. ಕಿಟಕಿಯಲ್ಲಿ ತೋರಿದ ಕಾಲು ವಂಶವನ್ನು ಮುಳುಗಿಸಿತು.

ಇಬ್ಬರಿಗೂ ಪಟ್ಟವು ದೊರೆತುದು ಒಂದೇ ಕಟ್ಟಳೆಯಿಂದ. ಭೇದವಿದ್ದುದು ಕಟ್ಟಳೆಯಲ್ಲಲ್ಲ, ಶಿಕ್ಷಣದಲ್ಲಿ. ಪಟ್ಟವನ್ನು ಕಟ್ಟಳೆ ಕೊಡಬಲ್ಲುದು, ಪಾತ್ರತೆಯನ್ನು ಕೊಡಲಾರದು. ಈ ವಿಚಾರವು ಅರಸುಮನೆಗಳಿಗೆ ಮಾತ್ರ ಸಂಬಂಧಿಸಿದುದೆಂದು ಭಾವಿಸಲಾಗದು. ಬ್ಯಾಂಕು, ಸಹಕಾರಿ ಸಂಘ, ಕಾರ್ಖಾನೆ, ವಿದ್ಯಾಲಯ ಮೊದಲಾಗಿ ಒಬ್ಬನ ಉತ್ಸಾಹದಿಂದ ಹುಟ್ಟಿ ಹಲವರ ಜೀವನಕ್ಕೆ ಆಧಾರವಾಗಿ ಬೆಳೆಯುವ ಸಂಸ್ಥೆಗಳೆಲ್ಲಕ್ಕೂ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: ಕಟ್ಟಿದವನ ಬಳಿಕ ಯಾರು? ದಕ್ಷಿಣ ಕನ್ನಡದ ಮೂಡಬಿದಿರೆ, ಬೆಳ್ತಂಗಡಿ, ಬಂಟ್ವಾಳಗಳೆಂಬ ಮೂರು ನೆರೆಸೀಮೆಗಳಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಕಾಲದ ಜನರು ಕೊಟ್ಟ ಉತ್ತರಗಳು ಇಂದಿಗೂ ಕಾಣಸಿಗುವುದರಿಂದ, ಅವುಗಳನ್ನು ಒಟ್ಟಿಗೆ ನೋಡುವುದು ಪ್ರಯೋಜನಕರವಾಗಿದೆ.

೨

ಮೊದಲು ಮೂಡಬಿದಿರೆ. ಉಳ್ಳಾಲ, ಪುತ್ತಿಗೆ, ಮೂಡಬಿದಿರೆಗಳಿಂದ ಆಳಿದ ಚೌಟರು ಜೈನ ಮತದವರು. ಉತ್ತರಾಧಿಕಾರದಲ್ಲಿ ತುಳುನಾಡಿನ ಅಳಿಯಕಟ್ಟನ್ನು ಅನುಸರಿಸಿದವರು. ಈ ಕಟ್ಟಿನ ಮೂಲವನ್ನು ಹೇಳುವ ಐತಿಹ್ಯವು ವ್ಯಾಪಾರದ ಕಥೆಯಾಗಿರುವುದು ಗಮನಾರ್ಹ. ದೇವಪಾಂಡ್ಯನ ಹಡಗುಗಳು ಕಡಲಿಗಿಳಿಯುವ ಮೊದಲು ಕುಂಡೋದರನೆಂಬ ಭೂತವು ನರಬಲಿಯನ್ನು ಬೇಡಿತಂತೆ. ಅರಸನ ಮಡದಿಯು ತನ್ನ ಮಕ್ಕಳನ್ನು ಕೊಡಲೊಲ್ಲದೆ ಹೋದಾಗ ತಂಗಿಯಾದ ಸತ್ಯವತಿಯು ತನ್ನ ಮಗನನ್ನು ಒಪ್ಪಿಸಿದಳು. ಭೂತವು ಆ ಹುಡುಗನನ್ನು ಕೊಲ್ಲದೆ ಹರಸಿ, ಸೊತ್ತು ಅವನಿಗೇ ಸಲ್ಲತಕ್ಕುದೆಂದು ವಿಧಿಸಿತು. ಅವನೇ ಭೂತಾಳಪಾಂಡ್ಯನೆಂದು ಹೆಸರಾದನು. ಇದನ್ನು ಚರಿತ್ರೆಯೆಂದು ಎಣಿಸಬೇಕಾಗಿಲ್ಲ. ಆದರೆ ಮನೆಯ ವ್ಯವಹಾರಕ್ಕೆ ಕುತ್ತು ಬಂದಾಗ ಹೆಗಲು ಕೊಟ್ಟವನೇ ಹಕ್ಕುದಾರನೆಂಬ ಭಾವನೆಯು ಕಥೆ ಕಟ್ಟಿದವರ ಮನಸ್ಸಿನಲ್ಲಿ ಇದ್ದುದು ಸ್ಪಷ್ಟವಾಗಿದೆ.

ಅಳಿಯಸಂತಾನದ ಮನೆಗಳಲ್ಲಿ ಸೊತ್ತು ಒಬ್ಬನದಲ್ಲ, ಕುಟುಂಬದ್ದು. ಹಿರಿಯರಾದವರು ಗಂಡಸಾದರೆ ಯಜಮಾನನೆಂದೂ ಹೆಂಗಸಾದರೆ ಯಜಮಾನ್ತಿಯೆಂದೂ ಆಡಳಿತವನ್ನು ನಡೆಸುವರು. ಗುತ್ತು ಬೀಡುಗಳಲ್ಲಿ ಅಧಿಕಾರಕ್ಕೆ ಬರುವುದನ್ನು ‘ಗಡಿ ಹಿಡಿಯುವುದು’ ಎನ್ನುತ್ತಾರೆ. ದೈವಸನ್ನಿಧಿಯಲ್ಲಿ, ಊರವರ ಎದುರಿನಲ್ಲಿ ಅದು ನಡೆಯತಕ್ಕುದು. ತನಗೆ ದೊರೆತುದು ಒಡೆತನವಲ್ಲ, ಹೊಣೆ ಎಂಬುದನ್ನು ಅಧಿಕಾರಿಗೆ ಮನದಟ್ಟು ಮಾಡುವ ವಿಧಾನವಿದು. ಸೋದರಮಾವನ ಜತೆಯಲ್ಲಿ ಗದ್ದೆ, ಗೇಣಿ, ಪಂಚಾತಿಕೆ, ಕೋಲ, ನೇಮಗಳಲ್ಲಿ ಓಡಾಡಿದ ಅಳಿಯನು ಗಡಿ ಹಿಡಿಯುವ ಹೊತ್ತಿಗೆ ಕೆಲಸವನ್ನು ಅರಿತವನಾಗಿರುತ್ತಿದ್ದನು.

ಈ ಪದ್ಧತಿಯ ಅತ್ಯುತ್ತಮ ಫಲವೆಂದರೆ ಉಳ್ಳಾಲದ ಅಬ್ಬಕ್ಕ. ಚೌಟರ ತಿರುಮಲರಾಯನು ತನ್ನ ಸೊಸೆಯನ್ನು ಶಸ್ತ್ರವಿದ್ಯೆಯಲ್ಲಿಯೂ ರಾಜ್ಯತಂತ್ರದಲ್ಲಿಯೂ ಪಳಗಿಸಿ ಪಟ್ಟಕ್ಕೆ ತಂದನೆಂದು ಪ್ರತೀತಿ. ೧೬ನೆಯ ಶತಮಾನದಲ್ಲಿ ಪೋರ್ತುಗೀಸರಿಗೆ ಕಪ್ಪ ಕೊಡಲೊಪ್ಪದೆ ಅವಳು ಹೋರಾಡಿದುದು ಪ್ರಸಿದ್ಧವಾಗಿದೆ. ಆ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರೆಂಬುದು ಚರಿತ್ರಕಾರರ ಮತ. ೧೬೨೩ರಲ್ಲಿ ಈ ನಾಡಿಗೆ ಬಂದ ರೋಮಿನ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆಯು ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡುದನ್ನು ಬರೆದಿಟ್ಟಿರುವನು. ಪಲ್ಲಕ್ಕಿಯಿಲ್ಲ, ಆಡಂಬರವಿಲ್ಲ, ಅಗೆಯುತ್ತಿದ್ದ ಕಾಲುವೆಗಳ ಕೆಲಸವನ್ನು ನೋಡಿಕೊಂಡು ರಾಣಿಯು ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ಉಡುಗೆಯನ್ನು ನೋಡಿದರೆ ಸಾಮಾನ್ಯಳಂತೆ ತೋರಿದರೂ ಮಾತಿನಲ್ಲಿ ರಾಣಿಯೆಂದು ಅವನಿಗೆ ತಿಳಿಯಿತು. ಅಗ್ನಿವರ್ಣನ ಕಾಲನ್ನೂ ಈ ರಾಣಿಯ ಕಾಲನ್ನೂ ವಾಚಕರು ಒಮ್ಮೆ ಜತೆಯಾಗಿ ನೆನೆದುಕೊಳ್ಳಬಹುದು.

ಆದರೆ ಈ ಪದ್ಧತಿಯ ದೋಷವನ್ನು ಮರೆಮಾಡುವುದು ನ್ಯಾಯವಲ್ಲ. ವಯಸ್ಸಿನ ಹಿರಿತನವು ಯೋಗ್ಯತೆಯ ಹಿರಿತನವಾಗಿಯೇ ಇರಬೇಕೆಂದಿಲ್ಲ. ಕುಟುಂಬವು ಕವರು ಕವರಾಗಿ ಕವಲೊಡೆದು ಬೆಳೆದಂತೆ, ಒಂದು ಕವರಿನ ಹಿರಿಯನು ಇನ್ನೊಂದು ಕವರಿನ ಮಕ್ಕಳನ್ನು ಕಡೆಗಣಿಸಿದನೆಂಬ ದೂರುಗಳು ಹುಟ್ಟಿದುವು. ಕುಟುಂಬದ ಸೊತ್ತನ್ನು ಹಾಳುಮಾಡುವ ಯಜಮಾನನನ್ನು ತೆಗೆದುಹಾಕಬೇಕೆಂಬ ವ್ಯಾಜ್ಯಗಳು ನ್ಯಾಯಾಲಯಗಳನ್ನು ಏರಿದುವು. ಹಳೆಯ ರೂಢಿಯಂತೆ ಎಲ್ಲರೂ ಒಪ್ಪದೆ ಪಾಲು ಕೇಳುವಂತಿರಲಿಲ್ಲ. ೧೯೪೯ರ ಮದರಾಸು ಅಳಿಯಸಂತಾನ ಶಾಸನವು ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನವು ಮತ್ತೂ ಮುಂದೆ ಹೋಯಿತು. ದೊಡ್ಡ ಮನೆಗಳು ಒಡೆದುವು. ಶಾಸನವೇ ಅವುಗಳನ್ನು ಒಡೆಯಿತೆನ್ನುವವರುಂಟು. ಆದರೆ ಸೋದರಮಾವನು ಕಲಿಸುವುದನ್ನು ನಿಲ್ಲಿಸಿದ ಮನೆಯಲ್ಲಿ ಗಡಿಯ ಪ್ರಸಾದವೊಂದೇ ಉಳಿದಿತ್ತು. ಅಂಥಲ್ಲಿ ಒಡಕು ಮೊದಲೇ ಒಳಗೆ ಇದ್ದಿತು.

ಅದೇ ಮೂಡಬಿದಿರೆಯಲ್ಲಿ, ಚೌಟರ ಅರಮನೆಗೆ ಅನತಿದೂರದಲ್ಲಿ, ಇನ್ನೊಂದು ಬಗೆಯ ಪೀಠವುಂಟು. ಅಲ್ಲಿಯ ಜೈನಮಠದ ಭಟ್ಟಾರಕರು ಸಂನ್ಯಾಸಿಗಳಾದುದರಿಂದ ಅವರಿಗೆ ಮಗನೂ ಇಲ್ಲ, ಅಳಿಯನೂ ಸಲ್ಲನು. ಗುರುವು ಶಿಷ್ಯನನ್ನು ಆರಿಸಿ, ಶಾಸ್ತ್ರವನ್ನು ಓದಿಸಿ, ದೀಕ್ಷೆ ಕೊಟ್ಟು ಪೀಠಕ್ಕೆ ತರಬೇಕು. ಪೀಠವೇರಿದವರೆಲ್ಲರಿಗೂ ಚಾರುಕೀರ್ತಿಯೆಂಬ ಒಂದೇ ಹೆಸರು. ವ್ಯಕ್ತಿಯ ಹೆಸರು ಅಳಿಯುತ್ತದೆ, ಹುದ್ದೆಯ ಹೆಸರು ನಿಲ್ಲುತ್ತದೆ. ಧವಲಾದಿ ಸಿದ್ಧಾಂತಗ್ರಂಥಗಳ ಓಲೆಪ್ರತಿಗಳು ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದು, ೧೯೩೯ರಿಂದ ಅಚ್ಚಾಗಿ ಲೋಕಕ್ಕೆ ದೊರೆತುವು. ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ನಂಬಿಕೆಯಿಂದ ಸಾಗಿಬರದಿದ್ದರೆ ಓಲೆಗರಿಯು ಅಷ್ಟು ಕಾಲ ಉಳಿಯುವುದು ಹೇಗೆ?

೩

ಮೂಡಬಿದಿರೆಯಿಂದ ಮೂಡಣಕ್ಕೆ ಸಾಗಿದರೆ ಬೆಳ್ತಂಗಡಿ ಸೀಮೆಯ ವೇಣೂರು ಸಿಕ್ಕುತ್ತದೆ. ಅಲ್ಲಿ ೧೬೦೪ರಲ್ಲಿ ಅಜಿಲ ವಂಶದ ತಿಮ್ಮರಾಜನು ೩೫ ಅಡಿ ಎತ್ತರದ ಬಾಹುಬಲಿಯನ್ನು ನಿಲ್ಲಿಸಿದನು. ಅದರ ಶಾಸನದಲ್ಲಿ ಅವನನ್ನು ರಾಣಿ ಪಾಂಡ್ಯಕದೇವಿಯ ಮಗನೆಂದೂ ರಾಯಕುವರನ ಅಳಿಯನೆಂದೂ ಹೇಳಿದೆ. ಬೆಳಗೊಳದ ಚಾರುಕೀರ್ತಿಗಳ ಪ್ರೇರಣೆಯಿಂದ ಈ ಕಾರ್ಯ ನಡೆಯಿತೆಂದೂ ತಿಳಿಸಿದೆ. ಹೀಗೆ ತಾಯಿ, ಮಾವ, ಗುರು ಈ ಮೂವರ ಹೆಸರುಗಳನ್ನು ಹೊತ್ತು ಆ ಅರಸನು ಕಲ್ಲಿನಲ್ಲಿ ನಿಂತಿರುವನು. ತನ್ನನ್ನು ಸಿದ್ಧಗೊಳಿಸಿದವರ ಸ್ಮರಣೆಯಿಲ್ಲದೆ ಕಟ್ಟಿದವನ ಹೆಸರು ಪೂರ್ಣವಾಗದೆಂಬುದು ಅಂದಿನವರ ಭಾವನೆಯಾಗಿದ್ದಿರಬೇಕು.

ಅದೇ ತಾಲೂಕಿನ ಧರ್ಮಸ್ಥಳದಲ್ಲಿ ೨೦ನೆಯ ಶತಮಾನದ ಇನ್ನೊಂದು ಬಾಹುಬಲಿ ಮೂರ್ತಿಯುಂಟು. ಅದರ ಇತಿಹಾಸವು ಪ್ರಸ್ತುತ ವಿಷಯಕ್ಕೆ ಒಳ್ಳೆಯ ದೃಷ್ಟಾಂತ. ೧೯೫೫ರಲ್ಲಿ ಮಂಜಯ್ಯ ಹೆಗ್ಗಡೆಯವರ ತರುವಾಯ ಧರ್ಮಾಧಿಕಾರಿಗಳಾದ ರತ್ನವರ್ಮ ಹೆಗ್ಗಡೆಯವರು ೧೯೬೭ರಲ್ಲಿ ಈ ಮೂರ್ತಿಯ ಕೆಲಸವನ್ನು ಆರಂಭ ಮಾಡಿಸಿದರು. ಕಾರ್ಕಳದಲ್ಲಿ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರ ಕೈಯಲ್ಲಿ ಬಂಡೆಯು ರೂಪು ತಳೆಯುತ್ತಿರುವಾಗಲೇ, ೧೯೬೮ರಲ್ಲಿ, ಹೆಗ್ಗಡೆಯವರು ತೀರಿಕೊಂಡರು. ಅವರ ಮಗ ವೀರೇಂದ್ರ ಹೆಗ್ಗಡೆಯವರು ಪಟ್ಟಕ್ಕೆ ಬಂದುದು ಆ ವರ್ಷದ ಅಕ್ಟೋಬರ್ ೨೪ರಂದು. ಆಗ ಅವರಿಗೆ ಇಪ್ಪತ್ತು ವರ್ಷ ಇನ್ನೂ ತುಂಬಿರಲಿಲ್ಲ. ೩೯ ಅಡಿಯ ಆ ಮೂರ್ತಿಯನ್ನು ೧೯೭೩ರಲ್ಲಿ ಕಾರ್ಕಳದಿಂದ ಸಾಗಿಸಿ, ೧೯೭೫ರಲ್ಲಿ ನಿಲ್ಲಿಸಿ, ೧೯೮೨ರಲ್ಲಿ ಪ್ರಥಮ ಮಹಾಮಸ್ತಕಾಭಿಷೇಕವನ್ನು ನಡೆಸಲಾಯಿತು. ತಂದೆಯ ಸಂಕಲ್ಪವು ಮಗನ ಕಾಲದಲ್ಲಿ ಸಿದ್ಧಿಸಿತು. ಆ ೧೯೮೨ನೆಯ ಇಸವಿಯಲ್ಲಿಯೇ ಗ್ರಾಮಾಭಿವೃದ್ಧಿ ಯೋಜನೆಯನ್ನು ಬೆಳ್ತಂಗಡಿ ತಾಲೂಕಿನಲ್ಲಿ ಆರಂಭಿಸಲಾಯಿತು. ಹಿಂದಿನವರು ಬಿಟ್ಟ ಕೆಲಸವನ್ನು ಮುಗಿಸುವುದೂ, ಅವರು ಕೈಯಿಕ್ಕದ ಕೆಲಸವನ್ನು ತೊಡಗುವುದೂ ಉತ್ತರಾಧಿಕಾರಿಗೆ ಸೇರಿದ ಎರಡು ಕರ್ತವ್ಯಗಳು. ಮೊದಲನೆಯದನ್ನು ಮಾತ್ರ ಮಾಡಿದರೆ ಸಂಸ್ಥೆಯು ನಿಂತಲ್ಲಿಯೇ ನಿಲ್ಲುವುದು. ಎರಡನೆಯದನ್ನು ಮಾತ್ರ ಮಾಡಿದರೆ ಬುಡ ಸಡಿಲುವುದು.

೪

ಅರಮನೆ, ಮಠ, ಕ್ಷೇತ್ರಗಳಲ್ಲಿ ಹಲವು ತಲೆಮಾರುಗಳ ರೂಢಿಯು ನೆರವಿಗೆ ಬರುತ್ತದೆ. ಹೊಸದಾಗಿ ಹುಟ್ಟಿದ ಕಂಪೆನಿಗೆ ಆ ನೆರವಿಲ್ಲ. ಈ ಸಂಗತಿಯನ್ನು ಬಂಟ್ವಾಳದ ಕಡೆಯ ಒಂದು ಹೆಸರಿನಿಂದ ತಿಳಿಯಬಹುದು. ಅಮ್ಮೆಂಬಳವೆಂಬ ಊರಿನ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ಸುಬ್ಬರಾವ್ ಪೈಗಳು ೧೮೫೨ರಲ್ಲಿ ಮೂಲ್ಕಿಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವಕೀಲರಾಗಿ, ೧೮೯೧ರಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ೧೯೦೬ರ ಜುಲೈ ೧ರಂದು ಅವರು ತೊಡಗಿದ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಎಂಬ ನಿಧಿಯೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪೆನಿಯು ದಿವಾಳಿಯೆದ್ದು ಸಾವಿರಾರು ಕುಟುಂಬಗಳ ಉಳಿತಾಯವು ಮುಳುಗಿಹೋಯಿತು. ಬಹುಕಾಲದ ಹೆಸರು, ದೊಡ್ಡ ಕಟ್ಟಡ, ಸರಕಾರದಲ್ಲಿ ಮನ್ನಣೆ ಎಲ್ಲವೂ ಇದ್ದ ಆ ಮನೆಯ ವ್ಯವಹಾರವು ಕೆಲವೇ ಪಾಲುಗಾರರ ಮುಷ್ಟಿಯಲ್ಲಿದ್ದಿತು.

ಮಂಗಳೂರಿನ ಈ ಚಿಕ್ಕ ನಿಧಿಗೆ ದೊಡ್ಡ ಆಪತ್ತು ಬಂದುದು ಮೂರೇ ವರ್ಷಗಳಲ್ಲಿ. ೧೯೦೯ರ ಜುಲೈ ೨೫ರಂದು ಸುಬ್ಬರಾವ್ ಪೈಗಳು ಕಾಲವಾದರು. ಕಟ್ಟಿದವನು ಮೂರನೆಯ ವರ್ಷದಲ್ಲಿ ಇಲ್ಲವಾದರೆ ಮುಚ್ಚಿಹೋಗುವ ಸಂಸ್ಥೆಗಳೇ ಹೆಚ್ಚು. ಇದು ಮುಚ್ಚಲಿಲ್ಲ; ಮರುವರ್ಷವೇ, ಅಂದರೆ ೧೯೧೦ರಲ್ಲಿ, ಕೆನರಾ ಬ್ಯಾಂಕ್ ಲಿಮಿಟೆಡ್ ಎಂಬ ಹೆಸರಿನಿಂದ ಹೊಸ ರೂಪವನ್ನು ಪಡೆಯಿತು. ಪೈಗಳು ಅದನ್ನು ತಮ್ಮ ಮನೆಯ ಲೇವಾದೇವಿಯಾಗಿ ಮಾಡದೆ, ಹಲವರು ಪಾಲು ಹಾಕಿದ, ನಿಯಮಗಳನ್ನು ಬರೆದಿಟ್ಟ, ಹಲವರು ಕೂಡಿ ಆಲೋಚಿಸುವ ಸಂಸ್ಥೆಯಾಗಿ ಮಾಡಿದುದೇ ಇದಕ್ಕೆ ಕಾರಣ. ಶಾಲೆಯನ್ನು ಮೊದಲು ಸ್ಥಾಪಿಸಿ ಬ್ಯಾಂಕನ್ನು ಬಳಿಕ ಸ್ಥಾಪಿಸಿದುದೂ ವಿಚಾರಾರ್ಹ. ಲೆಕ್ಕ ಬರೆಯಬಲ್ಲ, ಪತ್ರವ್ಯವಹಾರ ನಡೆಸಬಲ್ಲ ಯುವಕರು ತಯಾರಾಗದೆ ಬ್ಯಾಂಕು ಬೆಳೆಯುವುದೆಂತು?

ಬಂಟ್ವಾಳ ತಾಲೂಕಿನ ಇನ್ನೊಂದು ತುದಿಯಲ್ಲಿ, ಕೇರಳದ ಗಡಿಗೆ ತಾಗಿದಂತೆ, ಅಡ್ಯನಡ್ಕವುಂಟು. ಅಲ್ಲಿಯ ಕೃಷಿಕ ವಾರಣಾಶಿ ಸುಬ್ರಾಯ ಭಟ್ಟರು, ೧೯೭೦ರ ಬಳಿಕ ಅಡಕೆಯ ಧಾರಣೆ ಕುಸಿದು ತೋಟದವರು ಕಂಗೆಟ್ಟಿದ್ದ ಕಾಲದಲ್ಲಿ, ೧೯೭೩ರ ಜುಲೈ ೧೧ರಂದು ಸ್ಥಾಪಿತವಾದ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯ ಸ್ಥಾಪಕ ಅಧ್ಯಕ್ಷರಾದರು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಅದರಲ್ಲಿ ಸದಸ್ಯರು. ಅಡಕೆಯಿಂದ ಕೊಕ್ಕೋವಿಗೆ ಹಬ್ಬಿ, ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನು ಅದು ತೆರೆಯಿತು. ಭಟ್ಟರ ತರುವಾಯ ಅಧ್ಯಕ್ಷರು ಬದಲಾದರು, ಸಂಸ್ಥೆ ನಡೆಯಿತು. ಇಲ್ಲಿಯ ವ್ಯವಸ್ಥೆಯಲ್ಲಿ ಅಧ್ಯಕ್ಷರು ಸದಸ್ಯರಿಂದ ಆಯ್ಕೆಯಾದ ಮಂಡಳಿಯಿಂದ ಬರುವವರು. ದಿನದಿನದ ಆಡಳಿತವು ನೇಮಕಗೊಂಡ ಆಡಳಿತ ನಿರ್ದೇಶಕರದು. ಜನರ ವಿಶ್ವಾಸಕ್ಕೆ ಒಬ್ಬರು, ವ್ಯವಹಾರದ ಪ್ರಾವೀಣ್ಯಕ್ಕೆ ಒಬ್ಬರು. ಅರಸನೂ ಅಮಾತ್ಯನೂ ಒಬ್ಬನೇ ಆಗಲಾಗದೆಂಬ ಹಳೆಯ ನೀತಿಯು ಹೊಸ ಉಡುಪಿನಲ್ಲಿ ಇಲ್ಲಿ ಕಾಣುತ್ತದೆ.

೫

ಈ ಮೂರು ಸೀಮೆಗಳ ಉಳಿತಾಯವನ್ನು ಒಟ್ಟುಗೂಡಿಸಿದ ಜಿಲ್ಲೆಯ ಇತರ ಬ್ಯಾಂಕುಗಳ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಆಗ ಒಂದೇ ಜಿಲ್ಲೆಗೆ ಸೇರಿದ್ದ ಉಡುಪಿಯಲ್ಲಿ, ೧೯೦೬ರ ಮಾರ್ಚ್ ತಿಂಗಳಲ್ಲಿ, ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನಿನಲ್ಲಿ ಮೊದಲ ದಿನದ ಕೊನೆಗೆ ಕೂಡಿದ ಹಣ ೩೮ ರೂಪಾಯಿ ೧೩ ಆಣೆ ೨ ಪೈ ಮಾತ್ರ. ೧೯೨೫ರಲ್ಲಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಎಂಬ ಮೂವರು ೮,೦೦೦ ರೂಪಾಯಿ ಬಂಡವಾಳದಿಂದ ಕೂಡಿ ತೊಡಗಿದ ಸಂಸ್ಥೆಯು ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಯಿತು. ೧೯೨೮ರಲ್ಲಿ ಅದು ತೊಡಗಿದ ಪಿಗ್ಮಿ ಠೇವಣಿಗೆ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಾಗುತ್ತಿತ್ತು. ಉಪೇಂದ್ರ ಪೈಗಳ ಮಗ ಟಿ. ಎ. ಪೈಗಳು ೧೯೪೦ರ ದಶಕದಲ್ಲಿ, ಎಳೆಯ ಹರೆಯದಲ್ಲಿಯೇ, ಬ್ಯಾಂಕಿನ ಆಡಳಿತವನ್ನು ಸೇರಿ, ಸ್ಥಾಪಕರ ಕಣ್ಣೆದುರಿನಲ್ಲಿ ವರುಷಗಟ್ಟಲೆ ದುಡಿದು ಮೇಲೇರಿದರು; ಮುಂದೆ ಕೇಂದ್ರದ ಮಂತ್ರಿಪದವಿಯವರೆಗೂ ಹೋದರು. ಅವರ ತರುವಾಯ ಬ್ಯಾಂಕಿನೊಳಗೇ ಬೆಳೆದ ಕೆ. ಕೆ. ಪೈಗಳು ಅಧ್ಯಕ್ಷರಾದರು. ೧೯೩೧ರಲ್ಲಿ ಎ. ಬಿ. ಶೆಟ್ಟಿಯವರು ಸ್ಥಾಪಿಸಿದ ವಿಜಯಾ ಬ್ಯಾಂಕನ್ನು ಮೂಲ್ಕಿ ಸುಂದರರಾಮ ಶೆಟ್ಟಿಯವರು ಬಹಳ ಎತ್ತರಕ್ಕೆ ಒಯ್ದರು. ೧೯೬೩ರಿಂದ ೧೯೬೮ರ ವರೆಗೆ ಒಂಬತ್ತು ಚಿಕ್ಕ ಬ್ಯಾಂಕುಗಳು ಅದರಲ್ಲಿ ಸೇರಿದುವು. ಇಲ್ಲಿ ಸ್ಥಾಪಕನಿಗಿಂತ ಎರಡನೆಯವನ ಕಾಲದಲ್ಲಿ ಬೆಳವಣಿಗೆ ಹೆಚ್ಚು. ಎರಡನೆಯವನು ತನ್ನನ್ನು ಮೀರಿಸುವನೆಂಬ ಭಯವನ್ನು ಗೆದ್ದ ಸ್ಥಾಪಕನೇ ನಿಜವಾದ ಸ್ಥಾಪಕನೆನ್ನಬಹುದು.

೧೯೬೯ರಲ್ಲಿ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ೧೯೮೦ರಲ್ಲಿ ವಿಜಯಾ, ಕಾರ್ಪೊರೇಶನ್ ಬ್ಯಾಂಕುಗಳೂ ರಾಷ್ಟ್ರೀಕೃತವಾದ ಬಳಿಕ ಅವುಗಳ ಮುಖ್ಯಸ್ಥರನ್ನು ಆರಿಸುವ ಅಧಿಕಾರವು ದಿಲ್ಲಿಗೆ ಹೋಯಿತು. ೨೦೧೯ರ ಏಪ್ರಿಲ್ ೧ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ೨೦೨೦ರ ಏಪ್ರಿಲ್ ೧ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದುವು. ಇದು ಉತ್ತರಾಧಿಕಾರಿಗಳ ದೋಷದಿಂದ ಆದುದಲ್ಲ, ಸರಕಾರದ ನೀತಿಯಿಂದ ಆದುದು. ಆದರೂ ಹಳೆಯ ಫಲಕಗಳನ್ನು ಇಳಿಸಿದ ದಿನ ಊರಿನ ಹಿರಿಯ ಠೇವಣಿದಾರರ ಮನಸ್ಸು ನೊಂದುದುಂಟು.

ಆ ಐದರಲ್ಲಿ ಖಾಸಗಿಯಾಗಿ ಉಳಿದುದು ಒಂದೇ. ಅದು ಬಿ. ಆರ್. ವ್ಯಾಸರಾಯಾಚಾರ್ಯರೇ ಮೊದಲಾದವರು ೧೯೨೪ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಕರ್ಣಾಟಕ ಬ್ಯಾಂಕು. ೧೯೫೮ರಿಂದ ೧೯೭೯ರ ವರೆಗೆ ಕೆ. ಎಸ್. ಎನ್. ಅಡಿಗರು ಅದನ್ನು ನಡೆಸಿದರು. ೨೦೦೦ದಿಂದ ೨೦೨೩ರ ವರೆಗೆ ಅನಂತಕೃಷ್ಣ, ಪಿ. ಜಯರಾಮ ಭಟ್, ಎಂ. ಎಸ್. ಮಹಾಬಲೇಶ್ವರ ಎಂಬ ಮೂವರು ಒಬ್ಬರ ಬಳಿಕ ಒಬ್ಬರು ಮುಖ್ಯಸ್ಥರಾದರು. ಮೂವರೂ ಅದೇ ಬ್ಯಾಂಕಿನಲ್ಲಿ ದುಡಿದು ಮೇಲೇರಿದವರು. ೨೦೨೩ರಲ್ಲಿ ಹೊರಗಣ ಸಂಸ್ಥೆಗಳಲ್ಲಿ ಅನುಭವ ಪಡೆದವರೊಬ್ಬರನ್ನು ಕರೆತರಲಾಯಿತು. ಅವರು ಅವಧಿಗೆ ಮುಂಚೆ, ೨೦೨೫ರಲ್ಲಿ, ಹುದ್ದೆಯನ್ನು ಬಿಟ್ಟರು. ಬಳಿಕ ಪುನಃ ಒಳಗಿನವರೊಬ್ಬರು ಹೊಣೆಯನ್ನು ಹೊತ್ತರು. ಇದರಿಂದ ಒಳಗಿನವರೇ ಮೇಲೆಂದಾಗಲಿ ಹೊರಗಿನವರು ಸಲ್ಲರೆಂದಾಗಲಿ ನಿರ್ಣಯಿಸುವುದು ಆತುರವಾದೀತು. ಒಳಗಿನವನಿಗೆ ಮನೆಯ ರೀತಿ ಗೊತ್ತು, ಹೊರಗಿನವನಿಗೆ ಲೋಕದ ರೀತಿ ಗೊತ್ತು. ಬೆಳೆಯುವ ಸಂಸ್ಥೆಗೆ ಎರಡೂ ಬೇಕು. ಹೊಸಬನು ಮನೆಯನ್ನು ಅರಿಯುವುದಕ್ಕೂ ಮನೆಯವರು ಹೊಸಬನನ್ನು ಅರಿಯುವುದಕ್ಕೂ ಕಾಲವನ್ನು ಕೊಡಬೇಕು. ಮದುವೆಯಾಗಿ ಬಂದ ಸೊಸೆಗೆ ಕೊಡುವಷ್ಟು ಅವಕಾಶವನ್ನಾದರೂ ಕೊಡುವುದು ಉಚಿತ.

೬

ಕೌಟಿಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ಈ ವಿಷಯವನ್ನು ದಾಕ್ಷಿಣ್ಯವಿಲ್ಲದೆ ಚರ್ಚಿಸಿರುವನು. ರಾಜಪುತ್ರರು ಏಡಿಗಳಂತೆ ಹೆತ್ತವರನ್ನೇ ತಿನ್ನುವರೆಂಬ ಭಾರದ್ವಾಜನ ಮತವನ್ನು ಅವನು ಎತ್ತಿ ಹೇಳ
ುತ್ತಾನೆ, ಆದರೆ ಅದಕ್ಕಾಗಿ ಮಕ್ಕಳನ್ನು ಶಂಕಿಸಿ ದೂರವಿಡುವ ಉಪಾಯಗಳನ್ನು ಒಪ್ಪದೆ, ಅವರನ್ನು ಶಿಕ್ಷಣದಿಂದ ತಿದ್ದಬೇಕೆಂದು ವಿಧಿಸುತ್ತಾನೆ. ವಿನಯವಿಲ್ಲದವನು ಒಬ್ಬನೇ ಮಗನಾದರೂ ಅವನಿಗೆ ಪಟ್ಟ ಕಟ್ಟಲಾಗದೆಂಬುದು ಅವನ ಕೊನೆಯ ಮಾತು. ಅಮಾತ್ಯರನ್ನಾದರೋ ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಪರೀಕ್ಷೆಗಳಿಂದ ಶೋಧಿಸಿಯೇ ಕೆಲಸಕ್ಕೆ ಹಚ್ಚತಕ್ಕುದು.

ಇಂದಿನ ಶಾಸನಗಳೂ ಆ ದಾರಿಯನ್ನೇ ಹಿಡಿದಿವೆ. ೨೦೧೩ರ ಕಂಪೆನಿ ಕಾಯಿದೆಯಂತೆ ಅದಕ್ಕೊಳಪಟ್ಟ ಕಂಪೆನಿಗಳಲ್ಲಿ ಮುಖ್ಯ ಅಧಿಕಾರಿಯ ಸ್ಥಾನವು ತೆರವಾದರೆ ಆರು ತಿಂಗಳೊಳಗೆ ತುಂಬಬೇಕು. ಷೇರುಪೇಟೆಯಲ್ಲಿ ಹೆಸರು ನೋಂದಿಸಿದ ಕಂಪೆನಿಗಳ ಮಂಡಳಿಯು ಮುಂದಿನ ಅಧಿಕಾರಿಗಳ ವಿಷಯದಲ್ಲಿ ಯೋಜನೆಯುಂಟೆಂದು ಖಚಿತಪಡಿಸಿಕೊಳ್ಳಬೇಕು. ೨೦೨೧ರಲ್ಲಿ ರಿಸರ್ವ್ ಬ್ಯಾಂಕು ಖಾಸಗಿ ಬ್ಯಾಂಕುಗಳ ಮುಖ್ಯಸ್ಥರ ಅವಧಿಗೆ ೧೫ ವರ್ಷಗಳ ಮಿತಿಯನ್ನು ಹಾಕಿತು. ಇವೆಲ್ಲ ಬೇಕಾದುವೇ. ಆದರೆ ಇವೂ ಕಟ್ಟಳೆಗಳು. ತೆರವಾದ ಪೀಠವನ್ನು ಆರು ತಿಂಗಳಲ್ಲಿ ತುಂಬಬಹುದು. ಅದಕ್ಕೆ ತಕ್ಕವನನ್ನು ಆರು ತಿಂಗಳಲ್ಲಿ ಬೆಳೆಯಿಸಲಾಗದು.

ಈ ವಿಚಾರವು ದೊಡ್ಡ ಬ್ಯಾಂಕುಗಳ ಮಟ್ಟದಲ್ಲಿಯೇ ನಿಲ್ಲತಕ್ಕುದಲ್ಲ. ಬಂಟ್ವಾಳದ ಪೇಟೆಯ ಜವಳಿ ಅಂಗಡಿಗೂ, ಬೆಳ್ತಂಗಡಿಯ ಅಡಕೆ ತೋಟಕ್ಕೂ, ಮೂಡಬಿದಿರೆಯ ಗೇರುಬೀಜದ ಕಾರ್ಖಾನೆಗೂ, ಹಳ್ಳಿಯ ಹಾಲಿನ ಸೊಸೈಟಿಗೂ, ಯಕ್ಷಗಾನದ ಮೇಳಕ್ಕೂ ಇದೇ ಚಿಂತೆಯುಂಟು. ಮಕ್ಕಳು ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ಗಲ್ಫ್ ದೇಶಗಳಲ್ಲಿ ನೆಲಸಿರುವರು. ಹಿರಿಯರು ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ‘ಈಗಿನವರಿಗೆ ಆಸಕ್ತಿಯಿಲ್ಲ’ ಎನ್ನುವರು. ಆ ಕೈಗೊಂಚಲಿನಿಂದ ಒಂದು ಕೀಲಿಯನ್ನಾದರೂ ಬಿಚ್ಚಿ, ಮಗಳ ಕೈಗೋ ಅಳಿಯನ ಕೈಗೋ ಇಪ್ಪತ್ತು ವರುಷ ನಂಬಿಕೆಯಿಂದ ದುಡಿದ ಗುಮಾಸ್ತನ ಕೈಗೋ ಕೊಟ್ಟು, ಅವರು ಮಾಡುವ ಚಿಕ್ಕ ತಪ್ಪುಗಳನ್ನು ತಾವು ಇರುವಾಗಲೇ ತಿದ್ದಿದರೆ ಆಸಕ್ತಿಯು ತಾನಾಗಿ ಹುಟ್ಟೀತು. ಸುದರ್ಶನನ ಕಾಲು ಮೊದಲ ದಿನವೇ ಪೀಠವನ್ನು ಮುಟ್ಟಲಿಲ್ಲ. ಅದು ಮುಟ್ಟುವ ವರೆಗೆ ಮಂತ್ರಿಗಳು ಸೈರಣೆಯಿಂದ ಕಾದರು, ಕಾಯುತ್ತ ಕಲಿಸಿದರು.